ಹುರುಳಿ ಮೊಳಕೆಯಲ್ಲಿ ಲೆಕ್ಟಿನ್ ನೋಡುವುದು ಹೇಗೆ

ಲೆಕ್ಟಿನ್ ಪಾಠವನ್ನು ಬೋರ್ಡಿನ ಮೇಲೆ ಮುಗಿಸಬೇಡಿ. ಒಂದು ಪಾವು ಹುರುಳಿ ತರಿಸಿ. ಮಧುಗಿರಿ, ಶಿರಾ, ಪಾವಗಡ ಕಡೆ ಯಾವ ಸಂತೆಗೆ ಹೋದರೂ ಸಿಗುವ ಕಾಳು ಇದು. ಬೇರೆ ಬೆಳೆ ಕೈಕೊಡುವ ಬಡ ನೆಲದಲ್ಲೂ ಹಿಂಗಾರಿನ ಒಂದೆರಡು ಹದ ಮಳೆಗೆ ಬಂದುಬಿಡುತ್ತದೆ. ನಾನು ತುಮಕೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಹುರುಳಿ ಬೆಳೆಯುತ್ತಾರೆ. ಆದರೆ ಈ ಕಾಳಿನೊಳಗಿನ ಒಂದು ಪ್ರೋಟೀನ್ ಪ್ರಪಂಚದ ರಕ್ತನಿಧಿಗಳಲ್ಲೆಲ್ಲ ಬಳಕೆಯಲ್ಲಿದೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಅದನ್ನು ಅವರ ಕೈಯಲ್ಲೇ ಮಾಡಿಸಿ ತೋರಿಸಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಟಿನ್ ಅಂದರೆ ಸಕ್ಕರೆಯ ಅಣುವನ್ನು ಹಿಡಿದುಕೊಳ್ಳುವ ಪ್ರೋಟೀನ್. ಹಿಡಿಯುತ್ತದೆ, ಬಿಡುತ್ತದೆ, ಆದರೆ ಆ ಸಕ್ಕರೆಯನ್ನು ಬದಲಾಯಿಸುವುದಿಲ್ಲ. ಕಿಣ್ವಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಂದೊಂದು ಲೆಕ್ಟಿನ್‌ಗೆ ಒಂದೊಂದು ಸಕ್ಕರೆ ಇಷ್ಟ. ಹುರುಳಿ ಬೀಜದ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಅನ್ನುವ ಸಕ್ಕರೆಯನ್ನು. ನಮ್ಮ ‘ಎ’ ಗುಂಪಿನ ರಕ್ತದ ಕೆಂಪು ಕಣಗಳ ಮೇಲೆ ತುದಿಯಲ್ಲಿ ಇರುವುದು ಇದೇ ಸಕ್ಕರೆ. ಹಾಗಾಗಿ ಹುರುಳಿ ರಸಕ್ಕೆ ‘ಎ’ ರಕ್ತದ ಕಣ ಹಾಕಿದರೆ ಅವು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ. ‘ಓ’ ರಕ್ತ, ‘ಬಿ’ ರಕ್ತ ಹಾಕಿದರೆ ಸುಮ್ಮನೆ ತಳಕ್ಕೆ ಇಳಿಯುತ್ತವೆ. ಇದನ್ನು 1951ರಲ್ಲಿ ಜಿ.ಡಬ್ಲ್ಯೂ.ಜಿ. ಬರ್ಡ್ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನಿಂದ ಬರುವ ಪತ್ರಿಕೆ ಅದು. ಹುರುಳಿ ರಸವನ್ನು ಸರಿಯಾಗಿ ತೆಳು ಮಾಡಿದರೆ ‘ಎ’ ಗುಂಪಿನ ಎರಡು ಒಳಗುಂಪುಗಳಲ್ಲಿ ‘ಎ1’ ಕಣಗಳನ್ನು ಮಾತ್ರ ಹಿಡಿಯುತ್ತದೆ, ‘ಎ2’ ಕಣಗಳನ್ನು ಬಿಡುತ್ತದೆ. ರಕ್ತನಿಧಿಗಳಲ್ಲಿ ಇವತ್ತಿಗೂ ಈ ಎರಡನ್ನು ಬೇರೆ ಮಾಡುವುದು ಹೀಗೇ.

ನಮಗೆ ಬೇಕಿರುವುದು ರಕ್ತದ ಗುಂಪಲ್ಲ, ಗಿಡ. ಮೊಳಕೆ ಬರುವಾಗ ಈ ಲೆಕ್ಟಿನ್ ಏನಾಗುತ್ತದೆ ಅನ್ನುವುದನ್ನು ರಕ್ತದ ಕಣಗಳ ಸಹಾಯದಿಂದ ಅಳೆಯುತ್ತೇವೆ.

ಮೊದಲು ಕಾಳು. ಬಿತ್ತನೆ ಬೀಜದ ಪ್ಯಾಕೆಟ್ ಬೇಡ, ಅದಕ್ಕೆ ಔಷಧಿ ಲೇಪಿಸಿರುತ್ತಾರೆ. ಅಡುಗೆಗೆ ತರುವ ಹೊಸ ಕಾಳೇ ಸಾಕು. ಹುಳ ಬಿದ್ದದ್ದು, ಮುರಿದದ್ದು ಆರಿಸಿ ತೆಗೆಯಿರಿ. ರಾತ್ರಿ ನೆನೆಹಾಕಿ. ಬೆಳಿಗ್ಗೆ ನೋಡಿದರೆ ಕೆಲವು ಕಾಳು ಉಬ್ಬಿರುವುದೇ ಇಲ್ಲ, ಕಲ್ಲಿನ ಹಾಗೇ ಇರುತ್ತವೆ. ಹುರುಳಿಯಲ್ಲಿ ಇದು ಮಾಮೂಲಿ. ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗಿಲ್ಲ ಅಷ್ಟೇ. ಅವನ್ನು ಬೇರೆ ಇಡಿ, ಲೆಕ್ಕಕ್ಕೆ ಸೇರಿಸಬೇಡಿ. ನೆನೆಸಿದ ನೀರನ್ನು ಮಾತ್ರ ಚೆಲ್ಲಬೇಡಿ. ಒಂದು ಸಣ್ಣ ಬಾಟಲಿಗೆ ಸೋಸಿ ಫ್ರಿಜ್ಜಿನಲ್ಲಿಡಿ. ಅದು ಮುಂದೆ ಬೇಕು.

ಉಬ್ಬಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಿ. ಬಿಳಿ ಮೂತಿ ಕಾಣಿಸಿದ ಮೇಲೆ ತೊಳೆದ ಮರಳು ತುಂಬಿದ ಟ್ರೇಗೆ ಸಾಲಾಗಿ ಊರಿ. ಮಣ್ಣಿಗಿಂತ ಮರಳು ಒಳ್ಳೆಯದು, ಬೇರು ಹರಿಯದೆ ಬರುತ್ತದೆ. ಮರಳನ್ನು ತೊಳೆದು, ಕುದಿಯುವ ನೀರು ಹಾಕಿ ಆರಿಸಿ. ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು, ನಿಲ್ಲಬಾರದು.

ಗಿಡದ ಭಾಗ ತೆಗೆಯಬೇಕಾದ ದಿನಗಳು ಹೀಗಿರಲಿ: ಒಣ ಕಾಳು, ನೆನೆದ ಕಾಳು, ಆಮೇಲೆ 2, 4, 7, 10, 14ನೇ ದಿನ. ತಾರೀಕಿನ ಪಕ್ಕದಲ್ಲೇ ಕಾಳಿನ ಎರಡು ಹೋಳು ಹೇಗಿವೆ ಎಂದೂ ಬರೆದುಕೊಳ್ಳಿ. ದಪ್ಪಗೆ ಹಸಿರಾಗಿವೆಯಾ, ಸುಕ್ಕು ಬಂದಿದೆಯಾ, ಒಣಗಿ ಉದುರುತ್ತಿವೆಯಾ ಅಂತ. ನಮ್ಮಲ್ಲಿ ಪುಷ್ಯ ಮಾಘದ ಚಳಿಗೂ ಚೈತ್ರದ ಬಿಸಿಲಿಗೂ ಮೊಳಕೆಯ ಓಟ ಒಂದೇ ಇರುವುದಿಲ್ಲ. ಜನವರಿಯ ಏಳನೇ ದಿನವನ್ನು ಏಪ್ರಿಲ್‌ನ ಏಳನೇ ದಿನದ ಜೊತೆ ಹೋಲಿಸಿದರೆ ಅರ್ಥ ಇರುವುದಿಲ್ಲ. ಹೋಳಿನ ಸ್ಥಿತಿ ನೋಡಿ ಹೋಲಿಸಿದರೆ ಇರುತ್ತದೆ.

ಇನ್ನೊಂದು ಮಾತು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ತೂಕದ ಮೇಲೆ ಲೆಕ್ಕ ಹಾಕಬೇಡಿ, ಗಿಡದ ಮೇಲೆ ಹಾಕಿ. ಒಣ ಕಾಳು ಒಂದು ಗ್ರಾಂ, ನೆನೆದ ಕಾಳು ಒಂದು ಗ್ರಾಂ ತೆಗೆದುಕೊಂಡರೆ ಎರಡನೆಯದರಲ್ಲಿ ಹೆಚ್ಚು ಭಾಗ ನೀರೇ ಇರುತ್ತದೆ. ಲೆಕ್ಟಿನ್ ಕಡಿಮೆಯಾಯಿತು ಅಂತ ಮಕ್ಕಳು ಬರೆದುಬಿಡುತ್ತಾರೆ. ಕಡಿಮೆಯಾಗಿರುವುದಿಲ್ಲ, ನೀರು ಜಾಸ್ತಿಯಾಗಿರುತ್ತದೆ. ಅದಕ್ಕೇ ಪ್ರತಿ ಸಲ ಹತ್ತು ಗಿಡ ಕೀಳಿ. ಹತ್ತು ಗಿಡದ ಹೋಳುಗಳು ಒಂದು ಕಡೆ, ಹತ್ತು ಗಿಡದ ಬೇರು ಒಂದು ಕಡೆ, ಕಾಂಡ ಮತ್ತು ಎಲೆ ಇನ್ನೊಂದು ಕಡೆ. ಒಂದೊಂದಕ್ಕೂ 10 ಮಿ.ಲೀ. ಉಪ್ಪುನೀರು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದರೆ ಉಪ್ಪುನೀರು ತಯಾರು. ಪಿಎಚ್ 7.4ರ ಫಾಸ್ಫೇಟ್ ಬಫರ್ ಸೇರಿಸಿದ ಸಲೈನ್ ಇದ್ದರೆ ಇನ್ನೂ ಒಳ್ಳೆಯದು.

ಒರಳಿನಲ್ಲಿ ನುಣ್ಣಗೆ ಅರೆಯಿರಿ. ಒಣ ಕಾಳಾದರೆ ಮೊದಲು ಪುಡಿ ಮಾಡಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 3000 ಸುತ್ತಿನಲ್ಲಿ 15 ನಿಮಿಷ ತಿರುಗಿಸಿ. ಮೇಲಿನ ತಿಳಿ ನಮ್ಮ ರಸ. ಸೆಂಟ್ರಿಫ್ಯೂಜ್ ಇಲ್ಲದ ಕಾಲೇಜಿನಲ್ಲಿ ಹಿಟ್ಟು ತಳ ಸೇರುವವರೆಗೆ ಕಾದು, ಫಿಲ್ಟರ್ ಕಾಗದದಲ್ಲಿ ಸೋಸಿದರೂ ಕೆಲಸ ನಡೆಯುತ್ತದೆ. ಸ್ವಲ್ಪ ಮಬ್ಬಾಗಿರುತ್ತದೆ, ಪರವಾಗಿಲ್ಲ. ಅವತ್ತೇ ಅಥವಾ ಮಾರನೇ ದಿನ ಬಳಸಿ.

ಈಗ ರಕ್ತ. ಮಕ್ಕಳ ಬೆರಳು ಚುಚ್ಚಬೇಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಒಪ್ಪಿಗೆ ಕೊಟ್ಟ ಇಬ್ಬರು ದೊಡ್ಡವರಿಂದ ಲ್ಯಾಬ್ ಟೆಕ್ನಿಷಿಯನ್ ಕೈಯಲ್ಲಿ ತಲಾ 2 ಮಿ.ಲೀ. ತೆಗೆಸಿದರೆ ಇಡೀ ತರಗತಿಗೆ ಸಾಕಾಗುತ್ತದೆ. ‘ಎ’ ಒಂದು, ‘ಓ’ ಒಂದು ಬೇಕು. ಕೈಗವಸು ಕಡ್ಡಾಯ. ರಕ್ತ ಮುಟ್ಟಿದ ಪ್ಲೇಟ್, ಟ್ಯೂಬ್, ಪಿಪೆಟ್ ತುದಿಗಳೆಲ್ಲ 1 ಶೇಕಡ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅರ್ಧ ಗಂಟೆ ಮುಳುಗಿರಬೇಕು, ಆಮೇಲೆ ಆಸ್ಪತ್ರೆ ತ್ಯಾಜ್ಯದ ಜೊತೆ ಹೋಗಬೇಕು.

ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ. ದ್ವಿದಳ ಧಾನ್ಯದ ಲೆಕ್ಟಿನ್‌ಗಳಿಗೆ ಸಕ್ಕರೆ ಹಿಡಿಯಲು ಕ್ಯಾಲ್ಸಿಯಂ, ಮ್ಯಾಂಗನೀಸ್ ಬೇಕು. ಜೊತೆಗೆ ರಕ್ತದ ತಿಳಿಯಲ್ಲಿ ಸಕ್ಕರೆ ಅಂಟಿದ ಪ್ರೋಟೀನ್‌ಗಳು ಬೇಕಾದಷ್ಟಿವೆ, ಅವು ಲೆಕ್ಟಿನ್‌ಗೆ ಅಡ್ಡ ಬರುತ್ತವೆ. ಹಾಗಾಗಿ ಕಣಗಳನ್ನು ಉಪ್ಪುನೀರಿನಲ್ಲಿ ಮೂರು ಸಲ ತೊಳೆಯಿರಿ. ತಿರುಗಿಸಿ, ಮೇಲಿನ ನೀರು ತೆಗೆದು, ಹೊಸ ಉಪ್ಪುನೀರು ಹಾಕಿ, ಮತ್ತೆ ತಿರುಗಿಸಿ. ಕೊನೆಗೆ ತಳದ ದಪ್ಪ ಕಣ 0.1 ಮಿ.ಲೀ. ತೆಗೆದು 4.9 ಮಿ.ಲೀ. ಉಪ್ಪುನೀರಿಗೆ ಹಾಕಿ. ಅದು 2 ಶೇಕಡ ದ್ರಾವಣ.

96 ಗುಳಿಯ ಪ್ಲೇಟ್ ತೆಗೆದುಕೊಳ್ಳಿ. ತಳ ದುಂಡಗಿರುವುದು ಬೇಕು, ಚಪ್ಪಟೆ ತಳದ್ದರಲ್ಲಿ ಸರಿಯಾಗಿ ಕಾಣುವುದಿಲ್ಲ. ಒಂದು ಸಾಲಿನ 12 ಗುಳಿಗೂ 50 ಮೈಕ್ರೋಲೀಟರ್ ಉಪ್ಪುನೀರು ಹಾಕಿ. ಮೊದಲ ಗುಳಿಗೆ 50 ಮೈಕ್ರೋಲೀಟರ್ ರಸ ಹಾಕಿ ಕಲಸಿ. ಅದರಿಂದ 50 ತೆಗೆದು ಎರಡನೆಯದಕ್ಕೆ, ಅಲ್ಲಿಂದ 50 ಮೂರನೆಯದಕ್ಕೆ, ಹೀಗೆ 11ನೇ ಗುಳಿವರೆಗೆ ಹೋಗಿ. 11ರಿಂದ ತೆಗೆದ 50 ಚೆಲ್ಲಿ. 12ನೆಯದರಲ್ಲಿ ಬರೀ ಉಪ್ಪುನೀರು ಇರಲಿ. ಈಗ ಎಲ್ಲ ಗುಳಿಗೂ 50 ಮೈಕ್ರೋಲೀಟರ್ ಕಣದ ದ್ರಾವಣ ಹಾಕಿ, ಮೆಲ್ಲಗೆ ತಟ್ಟಿ, ಒಂದು ಗಂಟೆ ಅಲುಗಾಡಿಸದೆ ಇಡಿ. ಫ್ಯಾನ್ ಕೆಳಗೆ ಬೇಡ. ಮೇಲೊಂದು ಮುಚ್ಚಳ ಇರಲಿ.

ಓದುವುದು ಹೀಗೆ. ಕಣಗಳು ಅಂಟಿಕೊಂಡಿದ್ದರೆ ಗುಳಿಯ ತಳದಲ್ಲೆಲ್ಲ ತೆಳುವಾಗಿ ಹರಡಿರುತ್ತವೆ. ಅಂಟದಿದ್ದರೆ ಜಾರಿ ಮಧ್ಯಕ್ಕೆ ಬಂದು ಒಂದು ಗಟ್ಟಿ ಕೆಂಪು ಚುಕ್ಕೆ ಆಗುತ್ತದೆ. ಮೊದಮೊದಲು ಇದು ಮಕ್ಕಳಿಗೆ ಉಲ್ಟಾ ಅನ್ನಿಸುತ್ತದೆ. ಗಡ್ಡೆ ಅಂದರೆ ಚುಕ್ಕೆ ಅಂದುಕೊಳ್ಳುತ್ತಾರೆ. ಅದಕ್ಕೇ ಪಕ್ಕದಲ್ಲಿ ಬಿಳಿ ಟೈಲ್ ಮೇಲೆ ಒಂದು ಹನಿ ರಸಕ್ಕೆ ಒಂದು ಹನಿ ದಪ್ಪ ಕಣ ಹಾಕಿ ಕಡ್ಡಿಯಲ್ಲಿ ಕಲಸಿ ತೋರಿಸಿ. ಸ್ವಲ್ಪ ಹೊತ್ತಿನಲ್ಲೇ ಕೆಂಪು ಮರಳಿನಂತೆ ಒಡೆದು ಕಾಣುತ್ತದೆ. ಆಮೇಲೆ ಪ್ಲೇಟ್ ಓದುವುದು ಅವರಿಗೆ ಸುಲಭ.

ಹರಡಿ ಕಾಣುವ ಕೊನೆಯ ಗುಳಿ ಎಷ್ಟನೆಯದು ಅಂತ ಬರೆದುಕೊಳ್ಳಿ. ಒಂದೊಂದು ಗುಳಿಗೂ ರಸ ಅರ್ಧ ಆಗಿರುತ್ತದೆ. ಹಾಗಾಗಿ ಒಂದು ಗುಳಿಯ ವ್ಯತ್ಯಾಸ ನಿಮ್ಮ ಪಿಪೆಟ್ಟಿನ ವ್ಯತ್ಯಾಸವೂ ಆಗಿರಬಹುದು. ಎರಡು ಗುಳಿ ಹಿಂದೆ ಬಂದರೆ ಮಾತ್ರ ಕಡಿಮೆಯಾಗಿದೆ ಅಂತ ನಾನು ಒಪ್ಪುತ್ತೇನೆ.

ಅಂಟಿಸಿದ್ದು ಲೆಕ್ಟಿನ್ನೇ ಅಂತ ಹೇಗೆ ಗೊತ್ತು? ಇದಿಲ್ಲದೆ ಪ್ರಯೋಗ ಅರ್ಧ. ‘ಓ’ ಕಣದ ಸಾಲು ಹಾಕಿ, ಅದರಲ್ಲಿ ಚುಕ್ಕೆ ಬರಬೇಕು. ರಸವನ್ನು ಹತ್ತು ನಿಮಿಷ ಕುದಿಸಿ ಒಂದು ಸಾಲು ಹಾಕಿ, ಹಿಡಿತ ಹೋಗಿರಬೇಕು. ಆಮೇಲೆ ಸಕ್ಕರೆ ಪರೀಕ್ಷೆ. ಉಪ್ಪುನೀರಿನ ಬದಲು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಕರಗಿಸಿದ ಉಪ್ಪುನೀರು ಹಾಕಿ ಅದೇ ಸಾಲು ಮಾಡಿ. ಲೆಕ್ಟಿನ್‌ನ ಕೈ ಆಗಲೇ ತುಂಬಿರುವುದರಿಂದ ಕಣಗಳನ್ನು ಹಿಡಿಯಲಾರದು. ಇನ್ನೊಂದು ಸಾಲಿಗೆ ಗ್ಲೂಕೋಸ್ ಹಾಕಿ. ಏನೂ ವ್ಯತ್ಯಾಸ ಆಗುವುದಿಲ್ಲ. ಮೊದಲನೆಯ ಸಕ್ಕರೆ ದುಬಾರಿ. ದೊಡ್ಡ ಲ್ಯಾಬ್ ಇರುವ ಸ್ನೇಹಿತರಿಂದ ಚೂರು ಕೇಳಿ ತನ್ನಿ, ಕೆಲವು ಮಿಲಿಗ್ರಾಂ ಸಾಕು. ಸಿಗದಿದ್ದರೆ ಈ ಒಂದು ಪರೀಕ್ಷೆಯನ್ನು ಮಸೂರದಲ್ಲಿ ಮಾಡಿ. ಮಸೂರದ ಲೆಕ್ಟಿನ್ ಮ್ಯಾನೋಸ್, ಗ್ಲೂಕೋಸ್ ಹಿಡಿಯುವಂಥದ್ದು. ಅಂಗಡಿಯ ಗ್ಲೂಕೋಸ್ ಪುಡಿಯಲ್ಲೇ ಅದರ ಹಿಡಿತ ಇಳಿಯುವುದು ಕಾಣುತ್ತದೆ.

ಕಡಲೆಕಾಯಿ ಹಾಕೋಣ ಮೇಡಂ ಅಂತ ಪಾವಗಡದ ಮಕ್ಕಳು ಕೇಳುತ್ತಾರೆ. ಕೇಳಲೇಬೇಕಲ್ವಾ, ಅವರ ಬೆಳೆ ಅದು. ಕಡಲೆಕಾಯಿಯಲ್ಲೂ ಲೆಕ್ಟಿನ್ ಇದೆ, ತುಂಬ ಹೆಸರುವಾಸಿ. ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿ 1994ರಲ್ಲಿ ಪ್ರಕಟಿಸಿತು. ನಾಲ್ಕು ತುಂಡು ಸೇರಿ ಆದ ಪ್ರೋಟೀನ್ ಅದು. ಆ ನಾಲ್ಕು ಜೋಡಿಕೊಂಡಿರುವ ರೀತಿ ಅದಕ್ಕೂ ಮುಂಚೆ ಯಾರೂ ಕಂಡಿರದಂಥದ್ದು. ಆದರೆ ನಮ್ಮ ಪ್ಲೇಟಿನಲ್ಲಿ ಅದು ಕಾಣುವುದಿಲ್ಲ. ಅದು ಹುಡುಕುವ ಸಕ್ಕರೆ ನಮ್ಮ ಕೆಂಪು ಕಣಗಳ ಮೇಲೆ ಸಿಯಾಲಿಕ್ ಆಮ್ಲದ ಕೆಳಗೆ ಮುಚ್ಚಿಕೊಂಡಿದೆ. ನ್ಯೂರಮಿನಿಡೇಸ್ ಕಿಣ್ವ ಹಾಕಿ ಆ ಮುಚ್ಚಳ ತೆಗೆದರೆ ಮಾತ್ರ ಅಂಟುತ್ತದೆ. ಪ್ಲೇಟಿನಲ್ಲಿ ಕಾಣದ್ದು ಕಾಳಿನಲ್ಲಿ ಇಲ್ಲ ಅಂತ ಅಲ್ಲ. ಈ ಮಾತು ಮುಂದೆ ಬೇರಿಗೂ ಬರುತ್ತದೆ.

‘ಎ’ ರಕ್ತವೇ ಸಿಗಲಿಲ್ಲ ಅಂದರೆ ರಾಜ್ಮಾ ತೆಗೆದುಕೊಳ್ಳಿ. ಅದರ ಲೆಕ್ಟಿನ್ ಯಾವ ಗುಂಪಿನ ಕಣವನ್ನಾದರೂ ಹಿಡಿಯುತ್ತದೆ. ಸಕ್ಕರೆ ಪರೀಕ್ಷೆಗೆ ಮಾತ್ರ ಅದು ಬರುವುದಿಲ್ಲ, ಬಿಡಿ ಸಕ್ಕರೆಗಳಿಗೆ ಬಗ್ಗುವುದಿಲ್ಲ. ಉಳಿದ ರಾಜ್ಮಾ ಮೊಳಕೆಯನ್ನು ಹಸಿಯಾಗಿ ಬಾಯಿಗೆ ಹಾಕಬೇಡಿ ಅಂತ ಮಕ್ಕಳಿಗೆ ಹೇಳಿ. ಹಸಿ ಅಥವಾ ಅರೆಬೆಂದ ರಾಜ್ಮಾದಿಂದ ವಾಂತಿ ಭೇದಿ ಆಗುವುದು ಇದೇ ಲೆಕ್ಟಿನ್‌ನಿಂದ. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಭಯವಿಲ್ಲ. ಕುದಿ ಬರದ ಸಣ್ಣ ಬಿಸಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಪ್ರಯೋಜನವಿಲ್ಲ.

ಇನ್ನು ಫಲಿತಾಂಶ. ಹುರುಳಿಯ ಹೋಳುಗಳ ರಸ ಮೊದಲ ದಿನಗಳಲ್ಲಿ ತುಂಬ ದೂರದ ಗುಳಿವರೆಗೆ ಹಿಡಿಯುತ್ತದೆ. ಹೋಳು ಸುಕ್ಕಾದಂತೆ ಗುಳಿಗಳು ಹಿಂದೆ ಹಿಂದೆ ಬರುತ್ತವೆ. ಬೀಜದ ಲೆಕ್ಟಿನ್ ಇರುವುದು ಹೋಳಿನ ಜೀವಕೋಶಗಳಲ್ಲಿ, ಪ್ರೋಟೀನ್ ತುಂಬಿಟ್ಟ ಸಣ್ಣ ಸಣ್ಣ ಚೀಲಗಳೊಳಗೆ. ಬೇರೆ ಶೇಖರಣೆ ಪ್ರೋಟೀನ್‌ಗಳೂ ಅಲ್ಲೇ ಇರುತ್ತವೆ. ಕೆಲವು ದ್ವಿದಳ ಧಾನ್ಯಗಳಲ್ಲಿ ಕಾಳಿನ ಕರಗುವ ಪ್ರೋಟೀನ್‌ನಲ್ಲಿ 10 ಶೇಕಡದವರೆಗೂ ಲೆಕ್ಟಿನ್ನೇ ಇರುತ್ತದೆ. ಮೊಳಕೆ ಏಳುವಾಗ ಪ್ರೋಟಿಯೇಸ್ ಕಿಣ್ವಗಳು ಇವೆಲ್ಲವನ್ನೂ ಒಡೆದು ಅಮೈನೋ ಆಮ್ಲ ಮಾಡಿ ಬೆಳೆಯುವ ತುದಿಗೆ ಕಳಿಸುತ್ತವೆ. ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿ ಅದು. ಬೇರಿಗೆ ಸಾರಜನಕ ಸಿಗುವ ತನಕ ಸಸಿ ಇದರ ಮೇಲೇ ಬದುಕಬೇಕು.

ಹಾಗಾದರೆ ಲೆಕ್ಟಿನ್ ಬರೀ ಆಹಾರವೇ? ಫ್ರಿಜ್ಜಿನಲ್ಲಿಟ್ಟ ನೆನೆಸಿದ ನೀರನ್ನು ಈಗ ತೆಗೆಯಿರಿ. ಅದನ್ನೂ ಒಂದು ಸಾಲು ಹಾಕಿ ನೋಡಿ. ಕಾಳು ಉಬ್ಬುವಾಗ ಲೆಕ್ಟಿನ್ ಸ್ವಲ್ಪ ಹೊರಕ್ಕೂ ಸೋರುವುದನ್ನು ಸೋಯಾ, ಬೀನ್ಸ್ ಕಾಳುಗಳಲ್ಲಿ ಕಂಡಿದ್ದಾರೆ. ನಿಮ್ಮ ನೀರು ತುಂಬ ತೆಳುವಾಗಿದ್ದರೆ ಕಡಿಮೆ ನೀರಿನಲ್ಲಿ ಮತ್ತೊಮ್ಮೆ ನೆನೆಸಿ. ಹೊಲದಲ್ಲಿ ಈ ನೀರು ಎಲ್ಲಿಗೆ ಹೋಗುತ್ತದೆ ಯೋಚಿಸಿ. ಸಿಪ್ಪೆ ಬಿರಿಯುವ ಹೊತ್ತಿಗೆ ಕಾಳಿನ ಸುತ್ತಲ ಮಣ್ಣಿಗೆ. ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಮೈಮೇಲೆಲ್ಲ ಸಕ್ಕರೆಗಳಿವೆ. ಕಾಳು ತಿನ್ನುವ ಹುಳದ ಕರುಳಿನ ಒಳಗೋಡೆಯಲ್ಲೂ ಇವೆ. ಲೆಕ್ಟಿನ್‌ಗಳು ಗಿಡದ ರಕ್ಷಣೆಗೂ ಇವೆ ಅನ್ನುವ ಮಾತಿಗೆ ಬುಡ ಇದೇ. ಒಂದೇ ಪ್ರೋಟೀನ್ ಕಾವಲೂ ಆಗಿ, ಕಾವಲು ಮುಗಿದ ಮೇಲೆ ಆಹಾರವೂ ಆಗುತ್ತದೆ. ನನಗೆ ಈ ಪಾಠದಲ್ಲಿ ಅತಿ ಇಷ್ಟದ ಜಾಗ ಇದು.

ಬೇರಿನ ರಸಕ್ಕೆ ಬನ್ನಿ. ಅದು ಕಣಗಳನ್ನು ಹೆಚ್ಚೇನೂ ಹಿಡಿಯುವುದಿಲ್ಲ. ಬೇರಿನಲ್ಲಿ ಲೆಕ್ಟಿನ್ ಇಲ್ಲ ಅಂತ ಬರೆದುಬಿಡಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಮೆರಿಲಿನ್ ಎಟ್ಸ್ಲರ್ ಅವರು ಹುರುಳಿ ಗಿಡವನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ಕಾಂಡ ಮತ್ತು ಎಲೆಯಲ್ಲಿ ಬೀಜದ ಲೆಕ್ಟಿನ್‌ಗೆ ಹತ್ತಿರದ ಇನ್ನೊಂದು ಲೆಕ್ಟಿನ್ ಇದೆ ಎಂದು ತೋರಿಸಿದರು. ಬೇರಿನಲ್ಲಿ ಪೂರಾ ಬೇರೆ ಜಾತಿಯ ಒಂದು ಲೆಕ್ಟಿನ್ ಸಿಕ್ಕಿತು. 1999ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಕಾರ ಅದು ಬೇರಿನಲ್ಲಿ ಗಂಟು ಕಟ್ಟಿಸಿ ಗಿಡಕ್ಕೆ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಬಿಡುವ ‘ನಾಡ್ ಫ್ಯಾಕ್ಟರ್’ ಅನ್ನುವ ಸಂಕೇತವನ್ನು ಹಿಡಿಯುತ್ತದೆ. ಎಳೆಯ ಬೇರುರೋಮಗಳ ಮೇಲ್ಮೈಯಲ್ಲೇ ಇರುತ್ತದೆ. ಅದರ ವಿರುದ್ಧದ ಪ್ರತಿಕಾಯ ಹಾಕಿ ಬೇರನ್ನು ತಡೆದರೆ ರೋಮಗಳು ಬಾಗುವುದಿಲ್ಲ, ಬೇರುಗಂಟು ಕಟ್ಟುವುದೂ ಕಡಿಮೆಯಾಗುತ್ತದೆ. ಬೀಜದಲ್ಲಿ ಒಂದು, ಬೇರಿನಲ್ಲಿ ಒಂದು. ಸಸಿಯ ವಯಸ್ಸಿಗೆ, ಅಂಗಕ್ಕೆ ತಕ್ಕ ಹಾಗೆ ಕೆಲಸದವರೇ ಬೇರೆ.

ಲೆಕ್ಟಿನ್ ಇರುವುದರಿಂದಲೇ ಪ್ರತಿ ದ್ವಿದಳ ಗಿಡ ತನ್ನ ರೈಜೋಬಿಯಂ ಅನ್ನು ಗುರುತಿಸುತ್ತದೆ ಅಂತ ಒಂದೇ ಸಾಲಲ್ಲಿ ಹೇಳಿಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಕಲಿಸಬೇಡಿ. 1974ರಲ್ಲಿ ಬೊಹ್ಲೂಲ್ ಮತ್ತು ಶ್ಮಿಟ್ ಅವರು ಸೋಯಾ ಲೆಕ್ಟಿನ್ ಸೋಯಾದ ಬ್ಯಾಕ್ಟೀರಿಯಾಗಳಿಗೆ ಅಂಟುವುದನ್ನು ತೋರಿಸಿದಾಗ ಆ ಆಸೆ ಹುಟ್ಟಿತು. 1989ರಲ್ಲಿ ಬಟಾಣಿಯ ಲೆಕ್ಟಿನ್ ಜೀನನ್ನು ಕ್ಲೋವರ್ ಅನ್ನುವ ಮೇವಿನ ದ್ವಿದಳ ಗಿಡದ ಬೇರಿಗೆ ಹಾಕಿದಾಗ ಬಟಾಣಿಯ ಬ್ಯಾಕ್ಟೀರಿಯಾ ಅಲ್ಲೂ ಗಂಟು ಕಟ್ಟಿತು. ಆಸೆಗೆ ಬಲ ಬಂತು. ಆದರೆ ಬೀಜದಲ್ಲಿ ಲೆಕ್ಟಿನ್ನೇ ಇಲ್ಲದ ಸೋಯಾ ತಳಿಗಳೂ ಗಂಟು ಕಟ್ಟುತ್ತವೆ. 1990ರಲ್ಲಿ ನಾಡ್ ಫ್ಯಾಕ್ಟರ್‌ನ ರಚನೆ ಗೊತ್ತಾಯಿತು, 2003ರಲ್ಲಿ ಅದನ್ನು ಗುರುತಿಸುವ ಬೇರಿನ ಗ್ರಾಹಕಗಳು (ರಿಸೆಪ್ಟರ್‌ಗಳು) ಸಿಕ್ಕವು. ಆ ಗ್ರಾಹಕಗಳೂ ಸಕ್ಕರೆಯ ಸರಪಣಿಯನ್ನು ಹಿಡಿಯುವ ಪ್ರೋಟೀನ್‌ಗಳೇ, ಆದರೆ ಬೀಜದ ಲೆಕ್ಟಿನ್‌ಗಳಲ್ಲ. ಮುಖ್ಯ ಗುರುತು ಅವುಗಳದ್ದು, ಲೆಕ್ಟಿನ್‌ಗಳು ಜೊತೆಗೆ ಕೈಜೋಡಿಸುತ್ತವೆ. ಕಥೆ ಇಷ್ಟು ಸುತ್ತಿ ಬರುತ್ತದೆ. ಮಕ್ಕಳು ಇದನ್ನು ಸಲೀಸಾಗಿ ಹಿಡಿಯುತ್ತಾರೆ, ನಾವೇ ಅವರ ಕೈಲಾಗದು ಅಂದುಕೊಳ್ಳುತ್ತೇವೆ.

ಎರಡು ಟ್ರೇ ಉಳಿಸಿಕೊಂಡರೆ ಗಂಟನ್ನೂ ನೋಡಬಹುದು. ಅರ್ಧ ಕಾಳಿಗೆ ರೈಜೋಬಿಯಂ ಹಚ್ಚಿ, ಅರ್ಧ ಹಾಗೇ ಬಿಡಿ. ಹುರುಳಿಗೆ ಹೊಂದುವುದು ಅಲಸಂದೆ ಗುಂಪಿನ ಬ್ರಾಡಿರೈಜೋಬಿಯಂ. ಕೃಷಿ ಇಲಾಖೆಯಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳುವಾಗ ಹುರುಳಿಗೆ ಅಂತಲೇ ಹೇಳಿ ಕೇಳಿ, ಪ್ಯಾಕೆಟ್ ಮೇಲಿನ ಅವಧಿ ನೋಡಿ. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ, ಪುಡಿ ಕಲಸಿ, ಕಾಳಿಗೆ ತೆಳುವಾಗಿ ಹಚ್ಚಿ. ಬಿಸಿ ಬೆಲ್ಲದ ನೀರು ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ಎರಡು ಟ್ರೇಗೂ ಬೇರೆ ಬೇರೆ ನೀರಿನ ಮಗ್ ಇರಲಿ. ಒಂದೇ ಮಗ್ ಆದರೆ ಬ್ಯಾಕ್ಟೀರಿಯಾ ಆ ಕಡೆಗೂ ಹೋಗಿ ಹೋಲಿಕೆ ಕೆಡುತ್ತದೆ. ಯೂರಿಯಾ ಹಾಕಬೇಡಿ, ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟಲು ಹೋಗುವುದಿಲ್ಲ.

ನಾಲ್ಕು ವಾರದ ಮೇಲೆ ಮರಳನ್ನು ನೀರಲ್ಲಿ ಬಿಡಿಸಿ ಗಿಡ ಎತ್ತಿ. ಗಂಟನ್ನು ಬ್ಲೇಡಿನಿಂದ ಸೀಳಿ. ಒಳಗೆ ತಿಳಿ ಗುಲಾಬಿ ಬಣ್ಣ ಇದ್ದರೆ ಲೆಗ್‌ಹೀಮೋಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಇದೆ, ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ಹಸಿರಾಗಿದ್ದರೆ ಮುಗಿದಿದೆ. ಅದೇ ಪುಟದಲ್ಲಿ ಹೋಳು ಯಾವ ದಿನ ಉದುರಿತು, ಆ ದಿನ ಪ್ಲೇಟಿನಲ್ಲಿ ಎಷ್ಟನೇ ಗುಳಿ ಹಿಡಿದಿತ್ತು ಅನ್ನುವುದೂ ಇರಲಿ. ಮುಂದಿನ ವರ್ಷದ ಮಕ್ಕಳಿಗೆ ಆ ಪುಸ್ತಕ ಕೊಡಿ. ಅವರು ಅವರೆಯಲ್ಲೋ ಅಲಸಂದೆಯಲ್ಲೋ ಅದೇ ಕೆಲಸ ಮಾಡಿ, ಪಕ್ಕದ ಪುಟದಲ್ಲಿ ಬರೆಯಲಿ.